ದಾಟಿ ಹೋದ ಏಳನೆಯ ವಿಷಯ

ಓರಿನ್ ಪಿಕೆಟ್ ಲೋವೆಟ್ ಹಿಲ್‌ನ ಶಾಲಾ ಸಮಿತಿಗೆ ಆಯ್ಕೆಯಾದದ್ದು ಅವನ ಎಡಗಾಲಿಗೆ ಜೋಮು ಹಿಡಿದದ್ದರಿಂದ. ಬೇರೆ ಯಾವ ಅರ್ಹತೆಯೂ ಅವನಿಗೆ ಇರಲಿಲ್ಲ. ಊರೂ ಅಂಥದ್ದನ್ನೇನೂ ಕೇಳಲಿಲ್ಲ.

ವರ್ಮಾಂಟಿನ ಗುಡ್ಡದ ಮೇಲಿನ ಆ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ರಸ್ತೆಗೆ ಎಷ್ಟು ಜಲ್ಲಿ, ಶಾಲೆಗೆ ಎಷ್ಟು ತೆರಿಗೆ, ಯಾರು ಯಾವ ಸಮಿತಿಗೆ ಎನ್ನುವುದೆಲ್ಲ ಅವತ್ತೇ ತೀರ್ಮಾನವಾಗಬೇಕು. ಸಭೆ ಸೇರುತ್ತಿದ್ದದ್ದು ಶಾಲೆಯ ಒಂದೇ ಒಂದು ಕೋಣೆಯಲ್ಲಿ. ಊರಿನ ಗಂಡಸರೆಲ್ಲ ಚಿಕ್ಕಂದಿನಲ್ಲಿ ತಾವು ಕೂತಿದ್ದ ಅದೇ ಡೆಸ್ಕುಗಳಲ್ಲಿ, ಮೊಣಕಾಲಿಗೆ ಗದ್ದ ತಾಗಿಸಿಕೊಂಡು ಕೂರುತ್ತಿದ್ದರು. ಸೌದೆ ಒಲೆಯ ಹೊಗೆ, ಸೀಮೆಸುಣ್ಣ, ಒದ್ದೆ ಉಣ್ಣೆಯ ಅಂಗಿ, ಹಿಂದಿನ ಅಡುಗೆಕೋಣೆಯಲ್ಲಿ ಬೆಳಗಿನಿಂದ ಬೇಯುತ್ತಿರುವ ಹುರುಳಿ ಎಲ್ಲ ಸೇರಿ ಒಂದು ವಾಸನೆ ಇರುತ್ತಿತ್ತು. ಆ ವಾಸನೆ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಮಿತಿಯಲ್ಲಿ ಮೂವರು. ಆ ವರ್ಷ ಒಂದು ಸ್ಥಾನ ಖಾಲಿ ಬಿದ್ದಿತ್ತು. "ಯಾರು ಬರ್ತೀರಪ್ಪಾ?" ಎಂದು ಸಭೆ ನಡೆಸುವ ಏಸಾ ಹಾಬಾರ್ಟ್ ಕೇಳಿದ್ದೇ ತಡ, ಊರಿಗೆ ಊರೇ ತಲೆ ತಗ್ಗಿಸಿ ತನ್ನ ತನ್ನ ಬೂಟುಗಳನ್ನು ಪರೀಕ್ಷಿಸತೊಡಗಿತು. ಸರಿಯಾಗಿ ಅದೇ ಗಳಿಗೆಗೆ ಓರಿನ್ ಕಾಲು ಜಾಡಿಸಲೆಂದು ಎದ್ದು ನಿಂತ.

"ಓರಿನ್ ಎದ್ದಿದಾನೆ," ಎಂದ ಏಸಾ.

"ಅಲ್ಲ, ನನ್ ಕಾಲು..." ಎಂದ ಓರಿನ್.

"ಕಾಲು ಕೈ ಎಲ್ಲಾ ಸೇರಿಸೇ ಆರಿಸಿದೀವಿ ಕಣೋ, ಕೂತ್ಕೋ," ಎಂದ ಏಸಾ. ಎಲ್ಲರೂ ಕೈಯೆತ್ತಿಬಿಟ್ಟರು.

ಅಡುಗೆಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ ಅವನ ಹೆಂಡತಿ ಥೆಲ್ಮಾ ಪಕ್ಕದವಳಿಗೆ ಹೇಳಿದಳು: "ಮದುವೇಲೂ ಹೀಗೇ ಆಗಿದ್ದು. ಇವಳನ್ನ ಯಾರು ಮಾಡ್ಕೋತೀರಿ ಅಂತ ನಮ್ಮಪ್ಪ ಕೇಳ್ದಾಗ ಇವನೊಬ್ಬನೇ ನಿಂತಿದ್ದ."

ಓರಿನ್‌ನ ಕಸುಬು ಹಾಲಿನ ಕ್ಯಾನು, ಮೇಪಲ್ ರಸ ಹಿಡಿಯುವ ಬಕೆಟ್ಟು ಸೋರಿದರೆ ಬೆಸುಗೆ ಹಾಕುವುದು. ಒಳ್ಳೆಯ ಕೆಲಸಗಾರ. ಆದರೆ ಯಾರ ಕ್ಯಾನು ಯಾರದೆಂದು ಅವನಿಗೆ ಎಂದೂ ನೆನಪಿರುತ್ತಿರಲಿಲ್ಲ. ಅವನು ರಿಪೇರಿ ಮಾಡಿಕೊಟ್ಟ ಕ್ಯಾನುಗಳನ್ನು ಊರವರು ಭಾನುವಾರ ಚರ್ಚಿನ ಅಂಗಳದಲ್ಲಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಇಂಥವನನ್ನು ಒಂದೇ ದಿನದಲ್ಲಿ ಜನ "ಡೈರೆಕ್ಟರ್" ಎಂದು ಕರೆಯತೊಡಗಿದರು. ಕರೆದದ್ದು ಚೇಷ್ಟೆಗೆ. ಅವನು ಮಾತ್ರ ಅದನ್ನು ನಿಜವೆಂದೇ ತಿಳಿದು ಅಂಚೆಪೆಟ್ಟಿಗೆಯ ಮೇಲೆ ಹೊಸದಾಗಿ ಬಣ್ಣದಲ್ಲಿ ಬರೆದುಕೊಂಡ. "ಡೈರೆಕ್ಟರ್ ಓರಿನ್ ಪಿಕೆ" ಎನ್ನುವಷ್ಟರಲ್ಲಿ ಪೆಟ್ಟಿಗೆ ಮುಗಿಯಿತು.

ಸಮಿತಿಯ ಉಳಿದಿಬ್ಬರಲ್ಲಿ ಅಧ್ಯಕ್ಷ ಲೈಮನ್ ಬ್ಯಾಸೆಟ್, ಊರಿನ ಅಂಗಡಿಯವನು. ಇನ್ನೊಬ್ಬ ಮುದುಕ ಈಬನ್ ಟಾಟ್. ಈಬನ್‌ಗೆ ಕೇಳಿಸುತ್ತಿದ್ದದ್ದು ಬಲಗಿವಿಯಲ್ಲಿ ಮಾತ್ರ. ಹಾಗಾಗಿ ಬಲಕ್ಕೆ ಯಾರು ಕೂತರೋ ಅವರ ಅಭಿಪ್ರಾಯವೇ ಅವನ ಅಭಿಪ್ರಾಯ. ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಲೈಮನ್‌ನೇ ಕೂತಿದ್ದ. ನಮ್ಮ ಶಾಲೆಯ ಆಡಳಿತವೆಂದರೆ ಇಷ್ಟೇ. ಒಲೆಗೆ ಸೌದೆ, ಟೀಚರ್ ಮಿಸ್ ಕೋಲ್‌ಗೆ ಸಂಬಳ, ಮಕ್ಕಳ ಮಧ್ಯಾಹ್ನದ ಬಿಸಿ ಊಟಕ್ಕೆ ಥೆಲ್ಮಾ. ಇಷ್ಟಕ್ಕೆ ಊರವರ ಮನೆತೆರಿಗೆ ಸಾಲುತ್ತಿತ್ತು, ಸಾಲದಿದ್ದರೆ ಗೊಣಗುತ್ತ ಇನ್ನಷ್ಟು ಕೊಡುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ಓರಿನ್‌ನ ಮನೆಗೆ ಶಾಲಾ ಮೇಲ್ವಿಚಾರಕ ಪ್ರೆಂಟಿಸ್ ಸಾಹೇಬರ ಕಾರು ಬಂತು. ಕೆಳಗೆ ಬ್ರಾಂಟನ್ ಊರಿನಲ್ಲಿ ಇಟ್ಟಿಗೆಯ ದೊಡ್ಡ ಶಾಲೆ ಕಟ್ಟಿದ್ದರು. ಸುತ್ತಲಿನ ಗುಡ್ಡದೂರುಗಳ ಮಕ್ಕಳನ್ನೆಲ್ಲ ಅಲ್ಲಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಸೇರಿಸಬೇಕೆಂದು ಸಾಹೇಬರ ಆಸೆ. ಅದಕ್ಕೆ ಊರಸಭೆಯ ಒಪ್ಪಿಗೆ ಬೇಕು.

"ಡೈರೆಕ್ಟರ್ ಪಿಕೆಟ್ ಅವರೇ," ಎಂದರು ಸಾಹೇಬರು ಟೋಪಿ ತೆಗೆಯುತ್ತ. "ನಿಮ್ಮಂಥ ದೂರದೃಷ್ಟಿ ಇರೋರು ಈ ಗುಡ್ಡದ ಮೇಲೆ ಎಷ್ಟು ಜನ ಇದ್ದಾರೆ ಹೇಳಿ?"

ಓರಿನ್ ಯೋಚಿಸಿದ. "ನಾನೊಬ್ಬ. ಕನ್ನಡಕ ಹಾಕ್ಕೊಂಡ್ರೆ ಲೈಮನ್‌ನೂ ಸೇರಿಸ್ಬೌದು."

ಸಾಹೇಬರು ಪರೀಕ್ಷೆಯ ಫಲಿತಾಂಶ ತೆಗೆದರು. ಲೋವೆಟ್ ಹಿಲ್‌ನ ಮಕ್ಕಳು ಲೆಕ್ಕದಲ್ಲಿ ಜಿಲ್ಲೆಗೇ ಮುಂದಿದ್ದರು. ಲೈಮನ್‌ನ ಅಂಗಡಿಯಲ್ಲಿ ಮಿಠಾಯಿ ಕೊಂಡು ಚಿಲ್ಲರೆ ಸರಿಯಾಗಿ ವಾಪಸು ಪಡೆದ ಯಾವ ಮಗುವೂ ಲೆಕ್ಕದಲ್ಲಿ ಹಿಂದೆ ಬೀಳುವ ಹಾಗಿಲ್ಲ. ಆದರೆ 'ನಗರಜೀವನ' ಎಂಬ ಭಾಗದಲ್ಲಿ ಎಲ್ಲರೂ ನಪಾಸು. ರಸ್ತೆಯಲ್ಲಿ ಕೆಂಪು ದೀಪ ಕಂಡರೆ ಏನು ತಿಳಿಯಬೇಕು ಎಂಬ ಪ್ರಶ್ನೆಗೆ ಒಬ್ಬಳು "ಡಾಕ್ಟರು ಬಂದು ಹೋದರೆಂದು ತಿಳಿಯಬೇಕು" ಎಂದು ಬರೆದಿದ್ದಳು. ಕತ್ತಲಾದ ಮೇಲೆ ಊರಿನಲ್ಲಿ ಕಾಣುತ್ತಿದ್ದ ಕೆಂಪು ದೀಪ ಡಾಕ್ಟರ ಕಾರಿನ ಹಿಂಬದಿಯದೊಂದೇ.

"ನೋಡಿದ್ರಾ ಮಕ್ಕಳ ಗತಿ?" ಎಂದರು ಸಾಹೇಬರು.

"ಉತ್ತರ ಸರಿಯಾಗೇ ಇದೆಯಲ್ಲಾ?" ಎಂದ ಓರಿನ್.

ಸಾಹೇಬರು ಬೇರೆ ದಾರಿ ಹಿಡಿದರು. ಎಲ್ಲ ಊರುಗಳಿಗೂ ಸೇರಿದ ಬ್ರಾಂಟನ್ ಶಾಲೆಯ ದೊಡ್ಡ ಸಮಿತಿಯಲ್ಲಿ ಲೋವೆಟ್ ಹಿಲ್‌ಗೆ ಒಂದು ಸ್ಥಾನವಿದೆ, ಉದ್ದನೆಯ ಮೇಜು, ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆಯೂ ಹಿತ್ತಾಳೆಯಲ್ಲಿ ಕೆತ್ತಿದ ಹೆಸರು ಎಂದರು. ಓರಿನ್ ತಾನೇ ಊರಸಭೆಯಲ್ಲಿ ಎದ್ದು ಈ ಸೂಚನೆ ಮಂಡಿಸಿದರೆ ಆ ಸ್ಥಾನ ಬೇರೆ ಯಾರಿಗೆ ತಾನೇ ಹೋದೀತು ಎಂದರು.

"ಪೂರ್ತಿ ಹೆಸರು ಹಿಡಿಸ್ತದಾ ಅದರಲ್ಲಿ?" ಎಂದು ಓರಿನ್ ಕೇಳಿದ.

"ಜಾಗ ಉಳಿಯತ್ತೆ."

ಅಲ್ಲಿಗೆ ಓರಿನ್ ಮಾತು ಕೊಟ್ಟಾಯಿತು. ಸಾಹೇಬರು ಅವನನ್ನು ಮಾರನೆಯ ವಾರ ಬ್ರಾಂಟನ್ನಿನ ಸಮಿತಿಯ ಸಭೆ ನೋಡಲೂ ಕರೆದುಕೊಂಡು ಹೋದರು. ಎಲ್ಲ ಅನರ್ಥಕ್ಕೂ ಅದೇ ಮೂಲ.

ನಮ್ಮೂರಿನಲ್ಲಿ ಒಂದು ವಿಷಯಕ್ಕೆ ಒಪ್ಪಿಗೆ ಕೊಡಬೇಕಾದರೆ "ದಾಟಿಸೋಣ" ಎನ್ನುತ್ತಿದ್ದರು. ನದಿಯಲ್ಲಿ ದೋಣಿ ದಾಟಿಸಿದ ಹಾಗೆ, ಆ ದಡ ಸೇರಿಸುವುದು. ವಿಷಯವನ್ನು ಮುಟ್ಟುವುದೇ ಬೇಡ, ಮುಂದಿನ ವರ್ಷ ನೋಡೋಣ ಎನ್ನುವುದಾದರೆ "ದಾಟಿ ಹೋಗೋಣ" ಎನ್ನಬೇಕು. ಎರಡಕ್ಕೂ ಭೂಮಿ ಆಕಾಶದ ಅಂತರ. ಲೋವೆಟ್ ಹಿಲ್‌ನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿದ್ದ ಈ ವ್ಯತ್ಯಾಸ ಓರಿನ್‌ಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಊರಸಭೆಯಲ್ಲಿ ಚರ್ಚೆ ಶುರುವಾದ ಕೂಡಲೇ ಅವನಿಗೆ ನಿದ್ದೆ ಬರುತ್ತಿತ್ತು. ಬ್ರಾಂಟನ್ನಿನಲ್ಲಿ ಅವತ್ತು ಹೊರಗೆ ಹಿಮ ಬೀಳುತ್ತಿತ್ತು, ಎಲ್ಲರಿಗೂ ಮನೆಗೆ ಹೋಗುವ ಆತುರ. ಟೈ ಕಟ್ಟಿದ ಒಬ್ಬ ದೊಡ್ಡ ಮನುಷ್ಯರು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, "ದಾಟಿ ಹೋಗೋಣ" ಎನ್ನುವುದು, ಉಳಿದವರು ಮುಗುಳ್ನಗುವುದು, ಇನ್ನೊಂದು ವಿಷಯ, ಮತ್ತೆ "ದಾಟಿ ಹೋಗೋಣ." ಓರಿನ್ ಬೆರಗಾಗಿ ನೋಡಿದ. ದೊಡ್ಡೂರಿನವರು ಎಷ್ಟು ಬೇಗ ಬೇಗ ಎಲ್ಲದಕ್ಕೂ ಒಪ್ಪಿಗೆ ಕೊಡುತ್ತಾರಪ್ಪಾ, ಅದೂ ಎಂಥ ಗಂಭೀರವಾದ ಮಾತಿನಲ್ಲಿ ಎಂದುಕೊಂಡ. 'ದಾಟಿಸೋಣ' ಎನ್ನುವುದು ಹಳ್ಳಿಗರ ಭಾಷೆ, ತಿಳಿದವರ ಭಾಷೆ ಇದು ಎಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಸುದ್ದಿ ಅವನಿಗಿಂತ ಮೊದಲೇ ಊರು ತಲುಪಿತ್ತು. ಆ ಸಂಜೆ ಥೆಲ್ಮಾ ತಟ್ಟೆ ಇಡುತ್ತ ಕೇಳಿದಳು:

"ಶಾಲೆ ಮುಚ್ಚಿಸ್ತೀಯಂತೆ?"

"ಮುಚ್ಚೋದಲ್ಲ ಥೆಲ್ಮಾ, ಸೇರಿಸೋದು."

"ಮತ್ತೆ ನಾನು ಯಾರಿಗೆ ಅಡುಗೆ ಮಾಡ್ಲಿ?"

ಓರಿನ್ ಈ ಕೋನದಿಂದ ಯೋಚಿಸಿರಲೇ ಇಲ್ಲ. ಅವರಿಗೆ ಮಕ್ಕಳಿರಲಿಲ್ಲ. ಊರಿನ ಮಕ್ಕಳೆಲ್ಲ ಥೆಲ್ಮಾಳ ಸೂಪು ಕುಡಿದೇ ಎತ್ತರವಾದವರು, ದೊಡ್ಡವರಾಗಿ ಟ್ರ್ಯಾಕ್ಟರು ಓಡಿಸುವಾಗಲೂ ಅವಳನ್ನು ಕಂಡರೆ ಟೋಪಿ ತೆಗೆಯುತ್ತಿದ್ದರು. "ನನಗೆ ಮಾಡ್ತೀಯಲ್ಲಾ?" ಎಂದ, ಸಮಾಧಾನ ಹೇಳುವ ದನಿಯಲ್ಲಿ.

ಅಂದಿನಿಂದ ಥೆಲ್ಮಾ ಅವನಿಗೆ ಮಾಡಿದ್ದು ಬೇಯಿಸಿದ ಆಲೂಗಡ್ಡೆ, ಉಪ್ಪಿಲ್ಲದೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ, "ಬ್ರಾಂಟನ್ನಿಗೆ ಸೇರಿಸಿದೀನಿ," ಎಂದಳು.

ಉಪ್ಪು ಕೊಳ್ಳಲು ಲೈಮನ್‌ನ ಅಂಗಡಿಗೆ ಹೋದರೆ ಅವನು ಕನ್ನಡಕದ ಮೇಲಿಂದ ನೋಡಿದ. "ಏನು ಬೇಕಿತ್ತು ಡೈರೆಕ್ಟರ್ ಸಾಹೇಬ್ರಿಗೆ?"

"ಒಂದ್ ಪೊಟ್ಟಣ ಉಪ್ಪು ಕೊಡು ಲೈಮನ್."

"ನಮ್ಮದು ಚಿಕ್ಕ ಅಂಗಡಿ ಕಣಯ್ಯಾ. ನಿನ್ನ ಯೋಗ್ಯತೆಗೆ ತಕ್ಕ ಉಪ್ಪು ಎಲ್ಲಿ ಬರ್ಬೇಕು? ಕೆಳಗೆ ದೊಡ್ಡೂರಲ್ಲಿ ಹಿತ್ತಾಳೆ ಬಟ್ಟಲಲ್ಲಿ ಕೊಡ್ತಾರಂತೆ, ಹೋಗು."

ಈಬನ್ ಟಾಟ್ ಬೀದಿಯಲ್ಲಿ ಎದುರಾದಾಗ, ಬೇಕೆಂದೇ ಸುತ್ತು ಹಾಕಿ ಬಂದು ತನ್ನ ಕೇಳದ ಎಡಗಿವಿಯನ್ನು ಅವನ ಕಡೆಗೆ ತಿರುಗಿಸಿಕೊಂಡು ಹೋದ. ರಿಪೇರಿಗೆ ಬರುತ್ತಿದ್ದ ಕ್ಯಾನುಗಳು ನಿಂತುಹೋದವು. ಹಾಲು ಸೋರಿದರೂ ಸರಿ, ಆ ಸಾಹೇಬರ ಬಾಲದ ಹತ್ತಿರ ಹೋಗುವುದಿಲ್ಲ ಎಂದು ಜನ ಹಟ ಹಿಡಿದರು. ಓರಿನ್‌ಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆದರೆ ಅವನು ಮಾತು ಕೊಟ್ಟಿದ್ದ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಆ ಊರಿನಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ.

ಸಭೆಯ ದಿನ ಬಂತು. ವಿಷಯಪಟ್ಟಿಯಲ್ಲಿ ಏಳನೆಯದು: ಲೋವೆಟ್ ಹಿಲ್ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬ್ರಾಂಟನ್ನಿಗೆ ಕಳಿಸುವುದು. ಪ್ರೆಂಟಿಸ್ ಸಾಹೇಬರು ಗೋಡೆ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎಷ್ಟು ಜನ ಯಾವ ಕಡೆಗೆ ಎಂದು ಅವರು ಮೊದಲೇ ಎಣಿಸಿಟ್ಟಿದ್ದರು. ತೆರಿಗೆ ಕಡಿಮೆಯಾಗುತ್ತದೆಂದು ಮೇಲಿನ ಕೇರಿಯ ಅರ್ಧದಷ್ಟು ಜನ ಬಾಯಿ ಬಿಡದೆ ಅವರ ಕಡೆಗಿದ್ದರು. ಸಮಿತಿಯವನೊಬ್ಬ ಎದ್ದು ಹೇಳಿದರೆ ಸಾಕು, ಅವರ ಕೈಗಳೂ ಏಳುತ್ತಿದ್ದವು. ಹಿಂದಿನ ಸಾಲಿನಲ್ಲಿ ಮಿಸ್ ಕೋಲ್ ಕೈಕಟ್ಟಿ ಕೂತಿದ್ದರು. ಆ ಕೋಣೆಯಲ್ಲಿದ್ದ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರು.

"ಏಳನೇ ವಿಷಯ," ಎಂದು ಏಸಾ ಸುತ್ತಿಗೆ ಕುಟ್ಟಿದ. "ಯಾರಾದ್ರೂ ಸೂಚನೆ ಮಂಡಿಸ್ತೀರಾ?"

ಓರಿನ್ ಎದ್ದ. ಮದುವೆಗೆ ಹೊಲಿಸಿದ್ದ ಕೋಟು ಹಾಕಿದ್ದ, ಅದರ ಗುಂಡಿ ಈಗ ಹೊಟ್ಟೆಯ ಬಳಿ ಕೂಡುತ್ತಿರಲಿಲ್ಲ. ಹಿಂದೆ ಹುರುಳಿ ಕುದಿಯುವುದು ಕೇಳಿಸುತ್ತಿತ್ತು.

"ಮಾನ್ಯ ಸಭಾಧ್ಯಕ್ಷರೇ," ಎಂದು ಶುರು ಮಾಡಿದ. ಹುಟ್ಟಿದಾಗಿನಿಂದ "ಏಸಾ" ಎಂದು ಕರೆಸಿಕೊಂಡವನು ಯಾರಿಗೆ ಹೇಳಿದ್ದೆಂದು ಹಿಂದೆ ತಿರುಗಿ ನೋಡಿದ. "ಈ ಏಳನೇ ವಿಷಯವನ್ನ, ತಮ್ಮೆಲ್ಲರ ಅಪ್ಪಣೆಯಿಂದ, ಈ ಸಭೆ... ದಾಟಿ ಹೋಗಬೇಕು ಅಂತ ನಾನು ಸೂಚಿಸ್ತೇನೆ!"

"ಅನುಮೋದನೆ!" ಎಂದು ಲೈಮನ್ ಎಷ್ಟು ರಭಸದಿಂದ ಎದ್ದನೆಂದರೆ ಅವನ ಸೊಂಟಕ್ಕೆ ಸಿಕ್ಕಿಕೊಂಡು ಡೆಸ್ಕೂ ಎದ್ದಿತು. ಸಾಹೇಬರ ಮೇಲಿನ ಕಾಲು ಕೆಳಗಿನ ಕಾಲಿನಿಂದ ಜಾರಿತು.

ಓರಿನ್ ಗೆದ್ದವನ ಹಾಗೆ ಸುತ್ತ ನೋಡಿದ. ಏನೋ ಎಡವಟ್ಟಾಗಿದೆ ಎಂದು ಅವನಿಗೆ ಹೊಳೆಯತೊಡಗಿದ್ದು ಆಗ. ಲೈಮನ್ ನಗುತ್ತಿದ್ದ. ಸಾಹೇಬರು ನಗುತ್ತಿರಲಿಲ್ಲ. ಇದು ಅದಲು ಬದಲಾದ ಕ್ಯಾನುಗಳ ಹಾಗೆ ಕಂಡಿತು.

ಏಸಾ ಹಾಬಾರ್ಟ್ ನ್ಯಾಯಸ್ಥ. ಶಾಲೆ ಉಳಿಯಲಿ ಎಂದು ಅವನಿಗೂ ಇತ್ತು, ಆದರೂ ಕಣ್ಣು ಮುಚ್ಚಿ ಕೂರುವ ಜನ ಅವನಲ್ಲ. "ನೋಡು ಓರಿನ್," ಎಂದ. "ದಾಟಿ ಹೋಗೋದು ಅಂದ್ರೆ ಈ ವಿಷಯ ಇವತ್ತು ಮುಟ್ಟಲ್ಲ, ಶಾಲೆ ಇದ್ದ ಹಾಗೇ ಇರ್ತದೆ ಅಂತ. ನೀನು ಹೇಳ್ಬೇಕು ಅಂತಿದ್ದಿದ್ದು ಅದೇನಾ?"

ಸಾಹೇಬರು ಕುರ್ಚಿಯ ಅಂಚಿಗೆ ಬಂದು, 'ಅಲ್ಲ ಎನ್ನಿ, ಅಲ್ಲ ಎನ್ನಿ' ಎಂದು ತುಟಿ ಆಡಿಸುತ್ತಿದ್ದರು. ಓರಿನ್ ಬಾಯಿ ತೆರೆದ. ಹಿತ್ತಾಳೆಯ ಹೆಸರು ಕಣ್ಣ ಮುಂದೆ ಬಂತು, ಪೂರ್ತಿ ಹೆಸರು. ಅಷ್ಟರಲ್ಲಿ ಅಡುಗೆಕೋಣೆಯ ಕಿಟಕಿಯಲ್ಲಿ ಥೆಲ್ಮಾ ಕಂಡಳು. ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು, ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮದುವೆಯಾದಾಗಿನಿಂದ ಥೆಲ್ಮಾಳ ಕೈಯಿಂದ ನೆಲಕ್ಕೆ ಒಂದು ಹನಿ ಬಿದ್ದದ್ದನ್ನು ಅವನು ನೋಡಿರಲಿಲ್ಲ. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

"ಅದೇ," ಎಂದ ಓರಿನ್. "ಮತ್ತಿನ್ನೇನು? ಹೇಳಿದ್ದೇ ಹೇಳಿದ್ದು."

ಒಪ್ಪುವವರ ಕೂಗಿಗೆ ಕಿಟಕಿಯ ಗಾಜು ನಡುಗಿತು. ಸಮಿತಿಯವನೇ ಹೇಳಿದ ಮೇಲೆ ಇನ್ನೇನು ಎಂದು ಮೇಲಿನ ಕೇರಿಯವರೂ ಕೂಗಿದರು. ಎಡವಿದ್ದು ಈಬನ್ ಟಾಟ್ ಒಬ್ಬನೇ, ಎಡಗಿವಿಯನ್ನೇ ಮುಂದೆ ಮಾಡಿಕೊಂಡು ಕೂತಿದ್ದವನು "ಖಂಡಿತಾ ಆಗಲ್ಲ! ಶಾಲೆ ಮುಚ್ಚೋಕೆ ಬಿಡಲ್ಲ!" ಎಂದು ವಿರೋಧಿಸಿದ. ಅವನ ಬಲಗಿವಿಗೆ ವಿಷಯ ಮುಟ್ಟಿಸುವಷ್ಟರಲ್ಲಿ ಊಟಕ್ಕೆ ಹೊತ್ತಾಯಿತು.

ಊಟದ ಹೊತ್ತಿಗೆ ಓರಿನ್ ಮಹಾ ಚಾಣಾಕ್ಷನಾಗಿಬಿಟ್ಟಿದ್ದ. "ಎಲಾ ಇವ್ನಾ! ಚಳಿಗಾಲ ಪೂರ್ತಿ ಆ ಸಾಹೇಬನ್ನ ಆಟ ಆಡಿಸಿದ್ನಲ್ಲೋ!" ಎಂದು ಲೈಮನ್ ಅವನ ಬೆನ್ನಿಗೆ ಗುದ್ದಿದ. ಪ್ರೆಂಟಿಸ್ ಸಾಹೇಬರೂ ಬಂದು ಕೈಕುಲುಕಿದರು. "ರಾಜಧಾನಿಯಲ್ಲಿ ಎಂಥೆಂಥ ರಾಜಕಾರಣಿಗಳನ್ನ ನೋಡಿದೀನಿ ಮಿಸ್ಟರ್ ಪಿಕೆಟ್. ನಿಮ್ಮ ಮುಂದೆ ಅವರೆಲ್ಲ ಹಸುಗೂಸುಗಳು." ಓರಿನ್ ಕಣ್ಣು ಕಿರಿದು ಮಾಡಿ ದೂರ ನೋಡಿದ. ಚಾಣಾಕ್ಷರು ಹಾಗೆ ನೋಡುತ್ತಾರೆಂದು ಅವನಿಗೆ ಅನ್ನಿಸಿತ್ತು.

ಮನೆಯ ದಾರಿಯಲ್ಲಿ, ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ, ಥೆಲ್ಮಾ ಕೇಳಿದಳು: "ನಿಜ ಹೇಳು. ಅದರ ಅರ್ಥ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗ?"

"ಹೇಳಿದ ಮೇಲೆ."

ಥೆಲ್ಮಾ ರಸ್ತೆಯಲ್ಲೇ ನಿಂತು, ಪಾತ್ರೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ರಾತ್ರಿ ಆಲೂಗಡ್ಡೆಗೆ ಉಪ್ಪು ಹೆಚ್ಚೇ ಆಗಿತ್ತು. ಅವನು ಬಟ್ಟಲು ನೆಕ್ಕಿದ.

ಆದರೆ ದಾಟಿ ಹೋದ ವಿಷಯ ಸಾಯುವುದಿಲ್ಲ, ಮುಂದಿನ ಮಾರ್ಚಿಗೆ ಮತ್ತೆ ಬಂದು ಕೂರುತ್ತದೆ. ಮರುವರ್ಷವೂ ಏಳನೆಯ ವಿಷಯ ಬಂತು. "ಓರಿನ್, ನಿಂದು ಬಂತು ನೋಡು," ಎಂದ ಏಸಾ. ಓರಿನ್ ಎದ್ದು ಅದನ್ನೇ ಹೇಳಿದ. ಅದರ ಮರುವರ್ಷವೂ ಹೇಳಿದ. ಬರಬರುತ್ತ ಅದೊಂದು ಸಂಪ್ರದಾಯವಾಯಿತು. ಜ್ವರವಿದ್ದರೆ ಕಂಬಳಿ ಸುತ್ತಿಕೊಂಡಾದರೂ ಬಂದು ಹೇಳಬೇಕು. ಅವನ ಮಾತು ಬಾಯಿಂದ ಹೊರಡುವ ಮೊದಲೇ ಲೈಮನ್‌ನ ಅನುಮೋದನೆ ಹೊರಟಿರುತ್ತಿತ್ತು. ಇದು ಹೀಗೇ ನಡೆದುಕೊಂಡು ಹೋಗುತ್ತದೆ ಎಂದೇ ಎಲ್ಲರೂ ನಂಬಿದ್ದೆವು. ಆ ಮಾರ್ಚ್‌ಗಳನ್ನು ನೆನೆದರೆ ಈಗಲೂ ಎದೆ ಹಗುರಾಗುತ್ತದೆ.

ಆಮೇಲೆ ಹಾಲನ್ನು ಕ್ಯಾನಿನಲ್ಲಿ ಕಳಿಸಬಾರದು, ಉಕ್ಕಿನ ದೊಡ್ಡ ಟ್ಯಾಂಕು ಇಡಬೇಕು ಎಂದು ಡೈರಿಯವರ ಕಟ್ಟಳೆ ಬಂತು. ಟ್ಯಾಂಕು ಕೊಳ್ಳಲಾಗದವರು ಹಸುಗಳನ್ನು ಮಾರಿದರು. ಹಸು ಹೋದ ಮನೆಗಳಿಂದ ಮಕ್ಕಳೂ ಹೋದರು. ಓರಿನ್‌ನ ಬೆಸುಗೆ ಕೋಲು ಮೂಲೆ ಸೇರಿತು. ಈಬನ್ ಟಾಟ್ ತೀರಿಕೊಂಡ, ಮಿಸ್ ಕೋಲ್ ನಿವೃತ್ತರಾದರು. ದೊಡ್ಡ ಪಾತ್ರೆಯಲ್ಲಿ ಸೂಪು ಮಾಡುತ್ತಿದ್ದ ಥೆಲ್ಮಾ ಚಿಕ್ಕದಕ್ಕೆ ಬಂದಳು, ಕೊನೆಗೆ ಮನೆಯಿಂದಲೇ ಒಂದು ಮುಚ್ಚಳದ ಡಬ್ಬಿಯಲ್ಲಿ ತರತೊಡಗಿದಳು.

ಒಂದು ಫೆಬ್ರವರಿ, ಹೊಗೆಕೊಳವೆ ಸರಿ ಮಾಡಲು ಓರಿನ್ ಶಾಲೆಗೆ ಹೋಗಿದ್ದ. ಅಂಗಳದಲ್ಲಿ ಲೈಮನ್‌ನ ಮೊಮ್ಮಗಳು ಜೂನಿ ಚೆಂಡಾಟ ಆಡುತ್ತಿದ್ದಳು. ಶಾಲೆಯಲ್ಲಿ ಉಳಿದಿದ್ದ ಇನ್ನಿಬ್ಬರು ಮೂಗು ಒರೆಸಿಕೊಳ್ಳಲೂ ಬಾರದ ಪುಟ್ಟವರು. ಹಾಗಾಗಿ ಜೂನಿಯೇ ಚೆಂಡು ಎಸೆದು, ಜೂನಿಯೇ ಹೊಡೆದು, ಜೂನಿಯೇ ಹಿಮದಲ್ಲಿ ಓಡಿ ಹುಡುಕಿ ತರುತ್ತಿದ್ದಳು. ನಡುವೆ ನಿಂತು "ಔಟು!", "ಔಟಲ್ಲ!" ಎಂದು ತನ್ನ ಜೊತೆಗೇ ಜಗಳವಾಡುತ್ತಿದ್ದಳು. ಓರಿನ್‌ಗೆ ನಗು ಬಂತು.

"ಯಾರು ಗೆಲ್ತಾ ಇದಾರೆ ಜೂನಿ?" ಎಂದು ಕೂಗಿದ.

ಜೂನಿ ಉಸಿರು ತಿರುಗಿಸಿಕೊಂಡು, ಖಾಲಿ ಅಂಗಳದ ಆ ಬದಿಗೆ ಕೈ ತೋರಿಸಿ, ಬೇಜಾರಿನಿಂದ ಹೇಳಿದಳು: "ಅವರೇ."

ಓರಿನ್ ಮನೆಗೆ ಬಂದು ಥೆಲ್ಮಾಳಿಗೆ ಇದನ್ನು ಹೇಳಿದ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

ಮಾರ್ಚಿನ ಸಭೆಯಲ್ಲಿ ಏಸಾ, ಈಗ ಸುತ್ತಿಗೆ ಎತ್ತಲು ಎರಡೂ ಕೈ ಬೇಕಾಗಿದ್ದ ಏಸಾ, ಏಳನೆಯ ವಿಷಯ ಓದಿದ. ಅಭ್ಯಾಸಬಲದಿಂದ ಅರ್ಧ ಊರಿನ ಕೈಗಳು ಆಗಲೇ ಭುಜದವರೆಗೆ ಬಂದಿದ್ದವು. ಓರಿನ್ ಎದ್ದ. ಡೆಸ್ಕಿನ ಮೇಲೆ ತಾನು ಹುಡುಗನಾಗಿದ್ದಾಗ ಕೆತ್ತಿದ ಗೀರುಗಳನ್ನು ನೋಡಿದ.

"ದಾಟಿಸೋಣ," ಎಂದ.

ಅವನು ತಪ್ಪಿ ಹೇಳಿದನೇ ಎಂದು ಯಾರೂ ಕೇಳಲಿಲ್ಲ. ಕೈಗಳು ಮೆಲ್ಲಗೆ ಕೆಳಗಿಳಿದವು.

"ಅನುಮೋದಕರು?" ಎಂದ ಏಸಾ.

ಲೈಮನ್ ಗೋಡೆಯ ಭೂಪಟದಲ್ಲಿ ಏನನ್ನೋ ಹುಡುಕುತ್ತಿದ್ದ. ಉಳಿದವರು ತಲೆ ತಗ್ಗಿಸಿದ್ದರು.

"ಅನುಮೋದಕರು ಯಾರೂ ಇಲ್ವಾ?" ಏಸಾನ ದನಿಯಲ್ಲಿ, ಇಲ್ಲದಿದ್ದರೆ ಒಳ್ಳೆಯದಿತ್ತು ಎಂಬ ಆಸೆ ಕೇಳಿಸುತ್ತಿತ್ತು.

"ನಾನಿದೀನಿ," ಎಂದಳು ಥೆಲ್ಮಾ. ಅಡುಗೆಕೋಣೆಯ ಬಾಗಿಲಲ್ಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಬರ್ಕೋ ಏಸಾ. ಥೆಲ್ಮಾ ಪಿಕೆಟ್, ಅನುಮೋದನೆ. ಕೈ ಎತ್ತೋರು ಬೇಗ ಎತ್ತಿ, ಹುರುಳಿ ಆರಿ ಹೋಗ್ತಿದೆ."

ಎತ್ತಿದರು. ಕೆಲವರು ಒಂದು ಕೈ ಎತ್ತಿ ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಏಸಾ ಎಣಿಸಲಿಲ್ಲ. ಎಲ್ಲರೂ ಎದ್ದು, ತಟ್ಟೆ ಹಿಡಿದು, ಚಿಕ್ಕ ಮಕ್ಕಳ ಹಾಗೆ ಥೆಲ್ಮಾಳ ಮುಂದೆ ಸಾಲಾಗಿ ನಿಂತರು. ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಬಡಿಸಿದಳು.